ದಂಡವಿಲ್ಲದ ಅಪರಾಧ

1982ರ ಜುಲೈ 8ರಂದು ಸ್ಪೇನಿನ ಸೆವಿಲ್ಲಾದಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಗೋಲ್‌ಕೀಪರ್ ಶುಮಾಕರ್, ಫ್ರಾನ್ಸಿನ ಬ್ಯಾಟಿಸ್ಟನ್‌ರ ಮೇಲೆ ಎರಗಿದರು. ಬ್ಯಾಟಿಸ್ಟನ್ ಹಲ್ಲು ಮುರಿದು ಪ್ರಜ್ಞಾಹೀನರಾದರು. ರೆಫರಿ ಅದನ್ನು ತಪ್ಪೆಂದೇ ಎಣಿಸಲಿಲ್ಲ. ಕೊನೆಗೆ ಜರ್ಮನಿಯೇ ಗೆದ್ದಿತು. ಫ್ರೆಂಚ್ ಪ್ರೇಕ್ಷಕರ ಕೋಪ ಬಹುಕಾಲ ಆರಲಿಲ್ಲ.

ಈ ಕೋಪವು ಅಧರ್ಮವೇ? ಪೆಟ್ಟುಂಡವನಿಗಾಗಿ ಮರುಗಿ ನ್ಯಾಯ ಕೇಳುವುದು ದೋಷವಲ್ಲವೆಂದೇ ನಾವು ಭಾವಿಸುತ್ತೇವೆ. ಜೀವನು ಪರಾಧೀನನಾದರೂ ಕರ್ತೃವೇ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಆದುದರಿಂದ ಮಾಡಿದವನಿಗೂ ನಿರ್ಣಯಿಸುವವನಿಗೂ ಹೊಣೆ ತಪ್ಪದು. ಆದರೆ ಕೋಪವು ಒಂದು ಜನಾಂಗದ ಮೇಲಣ ದ್ವೇಷವಾದಾಗ ನೊಂದವನನ್ನೇ ಮರೆಯುತ್ತದೆ. ಶುಮಾಕರ್ ಮುಂದೆ ಕ್ಷಮೆ ಯಾಚಿಸಿದರು, ಬ್ಯಾಟಿಸ್ಟನ್ ಕ್ಷಮಿಸಿದರು. ರೆಫರಿಯ ಕಣ್ಣು ತಪ್ಪಬಹುದು, ಸರ್ವಸಾಕ್ಷಿಯಾದ ಶ್ರೀಹರಿಯ ಕಣ್ಣು ತಪ್ಪದು. ನ್ಯಾಯ ಕೇಳುವ ಕರ್ತವ್ಯವನ್ನು ದ್ವೇಷವಿಲ್ಲದೆ ನೆರವೇರಿಸಿ, ಫಲವನ್ನು ಆತನಿಗೇ ಒಪ್ಪಿಸೋಣ.

ಶ್ರೀಕೃಷ್ಣಾರ್ಪಣಮಸ್ತು.