ಬರಿದಾದ ಪಾತ್ರೆಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವ ಕಿರಾಣಿ ಅಂಗಡಿಯ ಮುಂದೆ ನಿಂತರೂ ಶಾಂಪೂ, ಮುಖದ ಕ್ರೀಮುಗಳ ಚಿಕ್ಕ ಪಾಕೀಟುಗಳು ಸರದಂತೆ ತೂಗಾಡುತ್ತಿರುತ್ತವೆ. ದಿನಗೂಲಿಯಿಂದ ಬದುಕುವ ತಾಯಿಯ ಕೈಗೆಟಕುವುದು ಅಷ್ಟೇ. ಆದರೆ ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳನ್ನು ಬೆಸೆದು ಮಾಡಿದ ಆ ಪಾಕೀಟನ್ನು ಗುಜರಿಯವನೂ ಕೊಳ್ಳನು. ಮಳೆ ಬಂದರೆ ಅದು ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಮಲಪ್ರಭೆಗೆ ಸೇರುತ್ತದೆ.

ಹಾಗಾದರೆ ತಪ್ಪು ಯಾರದು? ಗಾಜಿನ ಸೀಸೆಯ ದುಬಾರಿ ‘ಪರಿಸರಸ್ನೇಹಿ’ ಲೇಪನವನ್ನು ಕೊಳ್ಳಬಲ್ಲವರು ನಿರ್ದೋಷಿಗಳು, ಕೊಳ್ಳಲಾರದವರು ದೋಷಿಗಳು ಎಂದರೆ ಪುಣ್ಯವೂ ಹಣವಂತರ ಸೊತ್ತಾದೀತು. ಇದನ್ನು ನಾನು ಒಪ್ಪಲಾರೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂತಹ ಪಾಕೀಟುಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ಸಾಲದಲ್ಲಿ ಮುಳುಗಿದ್ದ ವಿಧವೆಗೆ ಪ್ರವಾದಿ ಎಲೀಷನು ಹೊಸ ಪಾತ್ರೆ ಕೊಳ್ಳೆಂದು ಹೇಳಲಿಲ್ಲ. ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು ಬೇಡಿ ತರುವಂತೆ ತಿಳಿಸಿದನು (2 ಅರಸುಗಳು 4). ಎಣ್ಣೆ ಸುರಿದದ್ದು ಆ ಹಳೆಯ ಪಾತ್ರೆಗಳಿಗೇ. ನಮ್ಮ ಹಿರಿಯರೂ ಗಾಣಕ್ಕೆ ಮನೆಯ ಪಾತ್ರೆಯನ್ನೇ ಒಯ್ಯುತ್ತಿದ್ದರು. ಐದು ರೂಪಾಯಿಗೂ ಅಳೆದು ಕೊಡುವ ಅಂಗಡಿಕಾರನಿದ್ದರೆ ಬಡವರಿಗೆ ಪಾಕೀಟಿನ ಹಂಗೇಕೆ? ಬಿಡಿ ಮಾರಾಟದಲ್ಲಿ ಕಲಬೆರಕೆಯ ಭಯವಿದೆ, ಅದು ಸುಳ್ಳಲ್ಲ. ಆದುದರಿಂದಲೇ ಅಳತೆಯ ಪಾವು ನಮಗೆ ಪರಿಚಯವಿರುವವರ ಕೈಯಲ್ಲಿರಬೇಕು. ನಮ್ಮ ಧರ್ಮಕೇಂದ್ರಗಳ ಮಹಿಳಾ ಸ್ವಸಹಾಯ ಸಂಘಗಳು ಒಂದು ಡಬ್ಬಿ ಕೊಬ್ಬರಿ ಎಣ್ಣೆಯಿಂದ ಆರಂಭಿಸಬಹುದು.