ಯಾವ ಬಡಿತದ ತಪ್ಪು?

ಕಾಕಾ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಖಾನಾಪುರದ ಹತ್ತಿರದ ನಮ್ಮೂರಿನಿಂದ ಕಾಕು ಶಿವಬಸವ ನಗರದ ನನ್ನ ಬಾಡಿಗೆ ಕೋಣೆಗೆ ಮೊದಲ ಸಲ ಬಂದಿದ್ದರು. ಕಂಪ್ಯೂಟರಿನಲ್ಲಿ ಹೃದಯದ ಸ್ನಾಯುವಿನ ತುಣುಕೊಂದರ ಮೇಲೆ ವಿದ್ಯುತ್ತಿನ ಅಲೆ ಹಾಯುವ ಚಿತ್ರ ಓಡುತ್ತಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದರು: “ನೀ ಎದಿ ಬಗ್ಗೇನ ಓದಾಕತ್ತಿ ಅಲ್ಲ? ಖರೇ ಹೇಳು. ಅವತ್ತ ಮುಂಜಾನೆ ನಾ ಜಗಳಾ ತಗೀಲಿಲ್ಲಂದ್ರ ಅವರು ಉಳೀತಿದ್ರೇನು?”

‘ನಿಮ್ಮದೇನೂ ತಪ್ಪಿಲ್ಲ ಕಾಕು’ ಎಂದುಬಿಡುವುದು ಸುಲಭವಿತ್ತು. ಊರವರೆಲ್ಲ ಹಾಗೇ ಹೇಳಿದ್ದರು. ಆದರೆ ಹೃದಯದ ಲಯ ಹೇಗೆ ತಪ್ಪುತ್ತದೆ ಎಂಬುದೇ ನನ್ನ ಪಿಎಚ್‌ಡಿ ವಿಷಯ. ಗೊತ್ತಿಲ್ಲದವರು ಹೇಳುವ ಸಮಾಧಾನಕ್ಕೂ ಗೊತ್ತಿದೆ ಎಂದುಕೊಂಡವನು ಹೇಳುವ ಸಮಾಧಾನಕ್ಕೂ ವ್ಯತ್ಯಾಸ ಇರಬೇಡವೇ?

ನನಗೆ ಗೊತ್ತಿರುವುದು ಇಷ್ಟು. ಹೃದಯದ ಪ್ರತಿ ಜೀವಕೋಶವೂ ಒಮ್ಮೆ ವಿದ್ಯುತ್ತಿನಿಂದ ಎಚ್ಚೆತ್ತು, ಆಮೇಲೆ ಸ್ವಲ್ಪ ಹೊತ್ತು ವಿಶ್ರಮಿಸುತ್ತದೆ. ಕೆಲಸ ಮತ್ತು ವಿಶ್ರಾಂತಿ ಒಂದೇ ಕೌದಿಯಲ್ಲಿ ಮಲಗಿದ ಇಬ್ಬರಿದ್ದಂತೆ. ಒಬ್ಬ ಎಳೆದುಕೊಂಡಷ್ಟು ಇನ್ನೊಬ್ಬನಿಗೆ ಕಡಿಮೆ. ನಿಮಿಷಕ್ಕೆ 200 ಸಲ ಬಡಿಯುವಾಗ ಒಂದು ಬಡಿತಕ್ಕೆ ಸಿಗುವುದು 300 ಮಿಲಿಸೆಕೆಂಡು. ಒಂದು ಸಲ ಕೋಶ 230 ಮಿಲಿಸೆಕೆಂಡು ದುಡಿಯಿತು ಎಂದುಕೊಳ್ಳಿ. ವಿಶ್ರಾಂತಿಗೆ ಉಳಿದದ್ದು 70. ದಣಿವು ಆರದ ಕೋಶ ಮುಂದಿನ ಸಲ 190ಕ್ಕೇ ಮುಗಿಸುತ್ತದೆ. ಆಗ ವಿಶ್ರಾಂತಿ 110 ಸಿಕ್ಕಿತು. ಮತ್ತೆ 230 ದುಡಿಯುತ್ತದೆ. ಹೀಗೆ ಒಂದು ದೀರ್ಘ, ಒಂದು ಹ್ರಸ್ವ. ಆರೋಗ್ಯವಂತ ಹೃದಯದಲ್ಲಿ, ಸಾಮಾನ್ಯ ವೇಗದಲ್ಲಿ ಈ ತೂಗಾಟ ತಾನೇ ಅಡಗುತ್ತದೆ. ಏಟು ತಿಂದ ಹೃದಯದಲ್ಲಿ ಕಡಿಮೆ ವೇಗದಲ್ಲೇ ಶುರುವಾಗಿ ಉಳಿದುಬಿಡಬಹುದು. ಇದನ್ನು ಆಲ್ಟರ್ನನ್ಸ್ ಎನ್ನುತ್ತಾರೆ. ನಾಡಿ ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ಮಿಡಿಯುವುದನ್ನು ಜರ್ಮನಿಯ ವೈದ್ಯ ಲುಡ್ವಿಗ್ ಟ್ರೌಬೆ 1872ರಲ್ಲೇ ಬರೆದಿಟ್ಟಿದ್ದರು.

ಎಲ್ಲ ಕೋಶಗಳೂ ಒಟ್ಟಿಗೇ ತೂಗುತ್ತಿದ್ದರೆ ಅಪಾಯ ಅಷ್ಟಿಲ್ಲ. ಒಂದು ಭಾಗ ದೀರ್ಘದಲ್ಲಿದ್ದಾಗ ಪಕ್ಕದ್ದು ಹ್ರಸ್ವದಲ್ಲಿದ್ದರೆ ಕಷ್ಟ. ಬಂದ ಅಲೆಗೆ ಒಂದು ಕಡೆ ದಾರಿ ಮುಚ್ಚಿರುತ್ತದೆ, ಇನ್ನೊಂದು ಕಡೆ ತೆರೆದಿರುತ್ತದೆ. ಅಲೆ ತೆರೆದ ಕಡೆಯಿಂದ ಬಳಸಿ ಹಿಂದಕ್ಕೆ ತಿರುಗಿ ಸುಳಿಯಾಗುತ್ತದೆ. ಸುಳಿ ಒಡೆದು ಹಲವಾದರೆ ಹೃದಯ ರಕ್ತ ತಳ್ಳುವುದನ್ನು ಬಿಟ್ಟು ಬರೀ ನಡುಗತೊಡಗುತ್ತದೆ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಯೊಂದಿದೆ. ಆ ಬಡಿತಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ಯಾವುದರಲ್ಲೂ ದೋಷ ಕಾಣುವುದಿಲ್ಲ. 230 ಸರಿ, 190ಕ್ಕೂ ಸರಿ. ಸರಾಸರಿ 210 ಅಂತೂ ಇನ್ನೂ ಸರಿ. ದೋಷ ಇರುವುದು ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ, ಒಂದು ಜಾಗಕ್ಕೂ ಪಕ್ಕದ್ದಕ್ಕೂ ನಡುವೆ. ಕೊನೆಯ ಬಡಿತವನ್ನು ಕಟಕಟೆಗೆ ತಂದು ನಿಲ್ಲಿಸಿದರೆ ಅದು ಹೇಳಬಹುದಾದದ್ದು ಇಷ್ಟೇ: ನನಗೆ ಸಿಕ್ಕ ವಿಶ್ರಾಂತಿಗೆ ತಕ್ಕಂತೆ ನಾನು ಬಡಿದೆ.

ನಾವು ಮಾತ್ರ ಕೊನೆಯ ಬಡಿತವನ್ನೇ ಹುಡುಕುತ್ತೇವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಇಡೀ ರಾಜ್ಯ ಜಿಮ್ಮಿನ ಕಡೆ ಬೆರಳು ತೋರಿಸಿತು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಲಸಿಕೆಯ ಕಡೆ ತೋರಿಸಿತು. ಒಂದು ಕಾರಣ ಸಿಕ್ಕರೆ ಉಳಿದವರೆಲ್ಲ ನಿರಾಳ. ಕಾಕು ಆ ಬೆರಳನ್ನು ತಮ್ಮ ಕಡೆಗೇ ತಿರುಗಿಸಿಕೊಂಡಿದ್ದರು.

ಕಾಕಾನಿಗೆ ಮೂರು ವರ್ಷದ ಹಿಂದೆ ಒಮ್ಮೆ ಹೃದಯಾಘಾತವಾಗಿತ್ತು. ಸಾಯುವ ಎರಡು ತಿಂಗಳ ಮೊದಲು ತೆಗೆಸಿದ ಇಸಿಜಿಯಲ್ಲಿ ಹೊಸದೇನೂ ಇರಲಿಲ್ಲ. ಇದ್ದಿದ್ದರೂ ಕಾಣುತ್ತಿರಲಿಲ್ಲವೇನೋ. ಇಸಿಜಿ ಕಾಗದದಲ್ಲಿ ಒಂದು ಮಿಲಿವೋಲ್ಟ್ ಎಂದರೆ 10 ಮಿಲಿಮೀಟರ್. ಆಲ್ಟರ್ನನ್ಸ್ ಹಿಡಿಯುವ ಪರೀಕ್ಷೆಯಲ್ಲಿ ಗಂಭೀರವೆಂದು ಎಣಿಸುವ ಅಂಕ ಸುಮಾರು 1.9 ಮೈಕ್ರೋವೋಲ್ಟ್, ಕಾಗದದ ಮೇಲೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಕಣ್ಣಿಗೆ ದಕ್ಕದ ಇಂಥ ಏರಿಳಿತಕ್ಕೂ ಮಾರಕ ಲಯತಪ್ಪುವಿಕೆಗೂ ನಂಟಿದೆ ಎಂದು ರೋಸೆನ್‌ಬಾಮ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಹಾಗೆಂದು ಈ ಪರೀಕ್ಷೆ ಭವಿಷ್ಯವಾಣಿಯೂ ಅಲ್ಲ. ಅದರಲ್ಲಿ ಸಿಕ್ಕಿಬಿದ್ದ ಬಹಳ ಮಂದಿ ಸುಖವಾಗಿ ಬದುಕುತ್ತಾರೆ.

ಈಗ ಜಗಳ. ಸಿಟ್ಟು, ಆತಂಕಗಳು ಹೃದಯದ ವೇಗ ಏರಿಸುತ್ತವೆ. ದುರ್ಬಲ ಹೃದಯದಲ್ಲಿ ಈ ತೂಗಾಟವನ್ನೂ ಹೆಚ್ಚಿಸಬಲ್ಲವು. ಇದು ನಿಜ. ಆದ್ದರಿಂದ ‘ಜಗಳಕ್ಕೂ ಸಾವಿಗೂ ಸಂಬಂಧವೇ ಇಲ್ಲ’ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಅಟ್ಟ ಹತ್ತಿದ್ದರೂ, ಬಸ್ಸಿಗೆ ಓಡಿದ್ದರೂ ಅದೇ ಆಗಬಹುದಿತ್ತು. ಮೊನ್ನೆಯ ಜಗಳಕ್ಕೆ ಏನೂ ಆಗಿರಲಿಲ್ಲ. ಅದೇ ಮಾತು, ಅದೇ ದನಿ. ಮೊನ್ನೆ ಅದು ಸಂಸಾರ, ಇವತ್ತು ಅಪರಾಧ ಆಗುವುದು ಹೇಗೆ?

ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಡುತ್ತಾರೆ. ತನ್ನದೇನೂ ತಪ್ಪಿಲ್ಲದೆ ಅವನ ಲಾರಿಗೆ ಮಗುವೊಂದು ಸಿಕ್ಕಿ ಸಾಯುತ್ತದೆ. ನಾವು ಅವನನ್ನು ಸಂತೈಸುತ್ತೇವೆ, ಸರಿಯೇ. ಆದರೆ ಅವನು ತಕ್ಷಣ ಸಮಾಧಾನಗೊಂಡು ಹೊರಟುಬಿಟ್ಟರೆ ನಮಗೆ ಅವನ ಬಗ್ಗೆಯೇ ಅನುಮಾನ ಬರುತ್ತದೆ. ತಪ್ಪಿಲ್ಲದ ಕಡೆಯೂ ಉಳಿಯುವ ಆ ನೋವಿಗೆ ನಮ್ಮಲ್ಲಿ ಒಂದು ಮಾತಿದೆ: ಹಳಹಳಿ. ತಪ್ಪಿನ ಹೊರೆಯನ್ನು ನಾನು ಇಳಿಸಬಲ್ಲೆ, ಯಾಕೆಂದರೆ ಯಂತ್ರವೂ ಕಷ್ಟಪಟ್ಟು ಹಿಡಿಯುವುದನ್ನು ಕಾಕು ಕಾಣಬೇಕಿತ್ತು ಎನ್ನುವುದು ನ್ಯಾಯವಲ್ಲ. ಹಳಹಳಿಯನ್ನು ಇಳಿಸಲು ನಾನ್ಯಾರು? ಅದು ಅವರ ಮೂವತ್ತು ವರ್ಷದ ಸಂಸಾರದ್ದು.

ಇದನ್ನೆಲ್ಲ ನನಗೆ ಬಂದ ಭಾಷೆಯಲ್ಲಿ ಹೇಳಿದೆ. ಕಾಕು ಕೇಳಿ, “ದಿನಾ ಜಗಳಾಡ್ತಿದ್ವಿ ಬಿಡು” ಎಂದು ಸಣ್ಣಗೆ ನಕ್ಕರು. ಆಮೇಲೆ, “ಹಂಗಾರ ಅವತ್ತ ಮಾಡೂದು ಏನೂ ಇರಲಿಲ್ಲ?” ಎಂದರು.

ಇತ್ತು. ಹೃದಯ ನಡುಗತೊಡಗಿದ ಮೇಲೆ ಯಾರೂ ಏನೂ ಮಾಡದಿದ್ದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ಖಾನಾಪುರದಿಂದ ಬೆಳಗಾವಿಗೇ ಸುಮಾರು 26 ಕಿಲೋಮೀಟರ್. ಭೀಮಗಡದ ಕಾಡಿನೊಳಗಿನ ಊರುಗಳಲ್ಲಿ ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಅಲ್ಲಿ ನನ್ನ ಮೈಕ್ರೋವೋಲ್ಟಿಗಿಂತ ಎದೆ ಒತ್ತಲು ಬರುವ ಎರಡು ಕೈಗೆ ಬೆಲೆ ಹೆಚ್ಚು. ತಲೆದಿಂಬು ಇಟ್ಟು ತೋರಿಸಿದೆ: ಎದೆಯ ನಡುವೆ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ.

ಕಾಕು ಒತ್ತುತ್ತ ಒತ್ತುತ್ತ ನಿಂತರು. “ಅವತ್ತ ಇದು ಯಾರೂ ಹೇಳಿರಲಿಲ್ಲ.”

ನಾಲ್ಕು ವರ್ಷದಿಂದ ಹೃದಯದ ಲೆಕ್ಕ ಹಾಕುತ್ತಿದ್ದೇನೆ. ತಿಂಗಳಿಗೊಮ್ಮೆ ಊರಿಗೆ ಹೋಗಿ, ಅವರ ಅಡುಗೆ ಉಂಡು ಬರುತ್ತಿದ್ದೆ. ಅವರ ಮಾತಿಗೆ ನಾನು ಏನೂ ಹೇಳಲಿಲ್ಲ.