ನಿನ್ನೆ ಏನು ಉಂಡ್ರಿ?

ಹೋದ ವರ್ಷ ಹೆಸರಿನ ರಾಶಿಯ ಹೊತ್ತಿಗೆ ಒಂದು ವಾರ ಊರಲ್ಲಿದ್ದೆ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಸಣ್ಣ ಊರು ನಮ್ಮದು. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಆಫೀಸಿನ ಕೆಲಸ ಮಾಡ್ತಾ ಕೂತಿದ್ದಾಗ ಇಬ್ಬರು ಹುಡುಗಿಯರು ಬಂದರು. ಪೌಷ್ಟಿಕ ಆಹಾರದ ವಿಷಯದಲ್ಲಿ ಎಂ.ಎಸ್ಸಿ. ಓದುವವರು, ಪ್ರಬಂಧಕ್ಕಾಗಿ ಮನೆಮನೆ ತಿರುಗುತ್ತಿದ್ದರು. ಕೈಯಲ್ಲಿ ಫಾರ್ಮು, ಚೀಲದಲ್ಲಿ ಅಳತೆಯ ಬಟ್ಟಲು, ಚಮಚ.

"ಅಮ್ಮಾರ, ನಿನ್ನೆ ಮುಂಜಾನಿಂದ ರಾತ್ರಿ ಮಟ ಏನೇನ್ ಉಂಡ್ರಿ?"

ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು. "ರೊಟ್ಟಿ, ಬದನಿಕಾಯಿ ಪಲ್ಯ, ಹೆಸರುಕಾಳು, ಅನ್ನ, ಸಾರು. ಮ್ಯಾಲ ಒಂದ್ ಬಟ್ಟಲ ಮಸರ."

ಹುಡುಗಿ ಬಟ್ಟಲು ತೋರಿಸಿ ಎಷ್ಟು ಅಂತ ಕೇಳಿ ಬರೆದುಕೊಂಡಳು. ನಾನು ಸ್ಕ್ರೀನ್ ನೋಡ್ತಾನೇ ಇದ್ದೆ. ಆದರೆ ಅವ್ವ ಹೇಳಿದ್ದು ನನ್ನ ಊಟ, ಅವಳದಲ್ಲ. ಪಲ್ಯವನ್ನು ನಾನು ಮೂರು ಸಲ ಹಾಕಿಸಿಕೊಂಡಿದ್ದೆ. ಮೊಸರು ಅಪ್ಪನಿಗೂ ನನಗೂ ಸರಿಹೋಗಿತ್ತು. ಅವ್ವ ಉಂಡದ್ದು ಎರಡು ರೊಟ್ಟಿ, ಗುರೆಳ್ಳು ಚಟ್ನಿ, ನೀರುಮಜ್ಜಿಗೆ. ಕಡೇಗೆ ಒಲೆಯ ಮುಂದೆ ಕೂತು ಉಂಡಿದ್ದಳು. ನಾನು ನೋಡಿದ್ದೆ, ಆದರೆ ಗಮನಿಸಿರಲಿಲ್ಲ.

ಬಾಯಿಬಿಟ್ಟು ಹೇಳಲೇ, ಬಿಡಲೇ? ಹೇಳಿದರೆ ಪರರ ಎದುರು ಅವ್ವನ ಮರ್ಯಾದೆ ತೆಗೆದ ಹಾಗೆ. ಬಿಟ್ಟರೆ ಫಾರ್ಮಿನಲ್ಲಿ ಸುಳ್ಳು. ಸುಮ್ಮನಿದ್ದೆ. ಅದು ಅವ್ವನ ಮರ್ಯಾದೆಗಾಗಿಯೋ ನನ್ನ ಮರ್ಯಾದೆಗಾಗಿಯೋ, ಇವತ್ತಿಗೂ ಖಚಿತವಿಲ್ಲ.

ಹಿಂದಿನ ದಿನದ ಊಟ ಕೇಳುವ ಈ ಪದ್ಧತಿ ಹೊಸದೇನಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೋಷಣೆ ಓದಿಸುತ್ತಾರೆ, ನಮ್ಮ ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಎಂ.ಪಿ.ಎಚ್. ಇದೆ. ಇಂಥ ಓದಿನಲ್ಲಿ ಇದು ಮೊದಮೊದಲ ಪಾಠ. 1972ರಲ್ಲಿ ಶುರುವಾದ ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೋ ದಶಕಗಳ ಕಾಲ ಹೀಗೇ ಹಳ್ಳಿಯ ಮನೆಗಳಲ್ಲಿ ಕೇಳುತ್ತಾ ಬಂತು. ಇಡೀ ಮನೆಯ ಅಡುಗೆಯನ್ನು ಲೆಕ್ಕಹಾಕುವ ಕ್ರಮವೂ ಒಂದಿದೆ. ಕೂತು ಕೆಲಸ ಮಾಡುವ ಗಂಡಸು 1 ಘಟಕ, ಮೈಮುರಿದು ದುಡಿಯುವ ಗಂಡಸು 1.6, ಹಾಗೇ ದುಡಿಯುವ ಹೆಂಗಸು 1.2. ಒಟ್ಟು ಅಡುಗೆಯನ್ನು ಮನೆಯ ಘಟಕಗಳಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ.

ಲೆಕ್ಕ ಸರಿ. ಆದರೆ ಅದರಲ್ಲಿ ನಮ್ಮ ಅವ್ವನಿಗೂ ಪಾಲು ಸಿಕ್ಕಿಬಿಡುತ್ತದೆ. ಕಡೇಗೆ ಉಂಡವಳು ಸರಾಸರಿಯಲ್ಲಿ ಕಾಣುವುದಿಲ್ಲ. ನಮ್ಮ ಸಾಫ್ಟ್‌ವೇರಿನವರ ಒಂದು ಮಾತಿದೆ, ಕಸ ಹಾಕಿದರೆ ಕಸಾನೇ ಹೊರಗೆ ಬರ್ತದೆ ಅಂತ. ಆದರೆ ಅವ್ವನ ಮಾತನ್ನು ಕಸ ಅನ್ನಲು ನನಗೆ ಮನಸ್ಸಿಲ್ಲ. ಅವಳ ತವರು ನರಗುಂದದ ಕಡೆ. ಇಲ್ಲದ ದಿನವೂ ಬಂದವರ ಮುಂದೆ "ಇಲ್ಲ" ಅನ್ನಬಾರದು ಅಂತ ಕಲಿಸಿ ಕಳಿಸಿದ ಮನೆ. ತನಗೆ ಕಡಿಮೆಯಾಯಿತು ಅಂದರೆ ಗಂಡ, ಮಗ ಇಬ್ಬರ ಮೇಲೂ ದೂರು ಹೇಳಿದಂತೆ. ಅವಳು ಕಾಪಾಡಿದ್ದು ನಮ್ಮನ್ನು.

ಆದರೂ ಆ ಸುಳ್ಳಿಗೆ ಬೆಲೆ ಇದೆ. ಇಂಥ ಸಾವಿರ ಅವ್ವಂದಿರು ಹೀಗೇ ಹೇಳಿದರೆ ಅವರ ಕೊರತೆ ಯಾವ ವರದಿಗೂ ಏರುವುದಿಲ್ಲ, ಯಾವ ಯೋಜನೆಯೂ ಅವರನ್ನು ಹುಡುಕಿಕೊಂಡು ಬರುವುದಿಲ್ಲ. ರಕ್ತಕ್ಕೆ ಮಾತ್ರ ಈ ಸಂಕೋಚ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳಿನ ರಕ್ತ ತೆಗೆದು ನೋಡಿದಾಗ, ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆಗೆ ಊಟವೊಂದೇ ಕಾರಣವಲ್ಲ, ನಿಜ. ಆದರೆ ಊಟವೂ ಒಂದು ಕಾರಣ.

ಎದ್ದು ಹೊರಡುವಾಗ ಎರಡನೇ ಹುಡುಗಿ, ಅಷ್ಟೊತ್ತೂ ಸುಮ್ಮನಿದ್ದಾಕೆ, ಫಾರ್ಮು ಮಡಚಿಟ್ಟು ಕೇಳಿದಳು: "ಎಲ್ಲಾರ್ದೂ ಆದಮ್ಯಾಲ ಬೋಗಾಣ್ಯಾಗ ಏನ್ ಉಳದಿತ್ರೀ?"

ಅವ್ವ ನಕ್ಕಳು. "ಏನ್ ಉಳೀತೈತಬೇ, ಮಾಡಿದಾಕಿ ಉಣ್ಣಾಕ ಕುಂತಾಗ?"

ಆ ಪ್ರಶ್ನೆ ಫಾರ್ಮಿನಲ್ಲಿತ್ತೋ ಇಲ್ಲವೋ. ಆ ಹುಡುಗಿ ಇಂಥದೇ ಒಂದು ಮನೆಯಲ್ಲಿ ಬೆಳೆದಿರಬೇಕು. ಕೋರ್ಸಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದನ್ನು ಕಲಿಸುತ್ತಾರೆ, ಅದು ಬೇಕು. ಆದರೆ ಸಹಿ ಮಾಡಿದ ಮಾತ್ರಕ್ಕೆ ಯಾರೂ ನಿಜ ಹೇಳಬೇಕಿಲ್ಲ. ಯಾರ ಮರ್ಯಾದೆಗೂ ಕುಂದಾಗದಂತೆ ಕೇಳುವುದು, ಕೇಳಿದ್ದರ ಫಲಿತಾಂಶವನ್ನು ತಿರುಗಿ ಬಂದು ಹೇಳುವುದು, ಇವೆರಡೂ ಕೇಳುವವರ ಮೇಲಿರುವ ಋಣ ಅಂತ ನನಗನಿಸುತ್ತದೆ. ಆ ಪ್ರಬಂಧದಲ್ಲಿ ಏನು ಬಂತು ಅಂತ ನಮ್ಮೂರಿಗೆ ಇನ್ನೂ ಗೊತ್ತಾಗಿಲ್ಲ.

ಆದರೆ ಅವರನ್ನು ದೂರುವ ಮೊದಲು ನನ್ನ ಲೆಕ್ಕ ನೋಡಬೇಕು. ಹನ್ನೆರಡು ವರ್ಷದಿಂದ ಬೆಂಗಳೂರಿನಿಂದ ದಿನಾ ಫೋನು ಮಾಡುತ್ತೇನೆ. "ಊಟ ಆತೇನಬೇ?" "ಆತಪಾ." ಅಷ್ಟೇ. ಹೌದು, ಇಲ್ಲ ಅನ್ನುವ ಒಂದೇ ಖಾನೆ, ಅದರಲ್ಲಿ ಯಾವಾಗಲೂ ಹೌದು.

ಆ ವಾರದ ಕೊನೆಗೆ ಅವ್ವನನ್ನು ರೋಣಕ್ಕೆ ಕರೆದುಕೊಂಡು ಹೋಗಿ ರಕ್ತ ತೋರಿಸಿದೆ. 12 ಇರಬೇಕಾದ ಹಿಮೋಗ್ಲೋಬಿನ್ ಒಂಬತ್ತೂವರೆ ಇತ್ತು. ಡಾಕ್ಟರು ಕಬ್ಬಿಣದ ಗುಳಿಗೆ ಬರೆದು, ಕಾಳು, ಸೊಪ್ಪು ಉಣ್ಣಿ ಅಂದರು. ನಮ್ಮ ಹೊಲದಲ್ಲಿ ಹೆಸರು ಬೆಳೆಯುತ್ತೇವೆ. ರಾಶಿ ಆದ ಕೂಡಲೇ ಚೀಲ ತುಂಬಿ ಗದಗಿಗೆ ಕಳಿಸುತ್ತೇವೆ. ಈ ಸಲ ಒಂದು ಚೀಲ ಹೆಚ್ಚಿಗೆ ಮನೆಯಲ್ಲಿ ಉಳಿಸಿದೆವು.

ಊರಿಗೆ ಹೋದಾಗ ಈಗ ಎಲ್ಲರೂ ಜೊತೆಗೆ ಕೂರೋಣ ಅನ್ನುತ್ತೇನೆ. ಅವ್ವನಿಗೆ ಅದು ಇನ್ನೂ ಒಗ್ಗಿಲ್ಲ, ನಡುವೆ ಮೂರು ಸಲ ಏಳುತ್ತಾಳೆ. ಹಾಗಾಗಿ ನಾನೇ ಎದ್ದು ಬೋಗಾಣಿಯೊಳಗೆ ನೋಡಿ ಬಂದು ಪಲ್ಯ ಹಾಕಿಸಿಕೊಳ್ಳುತ್ತೇನೆ. ಇಷ್ಟು ಕಲಿಯಲು ನನಗೆ ಬಿ.ಇ. ಮುಗಿದ ಮೇಲೂ ಹನ್ನೆರಡು ವರ್ಷ ಬೇಕಾಯಿತು.